ಉಪ್ಪಿಲ್ಲದ ಪಥ್ಯ

ನನ್ನ ತಮ್ಮ ಹುಟ್ಟಿದ ವಾರದಲ್ಲೇ ತೀರಿಕೊಂಡ. ಆಮೇಲೆ ಅವ್ವ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಒಲೆಯ ಮುಂದೆ ಕೂತರೆ ಕೂತಳೇ. ಎಸರು ಬತ್ತಿ ತಳ ಹತ್ತಿದರೂ ಕಣ್ಣೆತ್ತುತ್ತಿರಲಿಲ್ಲ. ಚಿಕ್ಕರಸಿನಕೆರೆಯ ನಮ್ಮ ಮನೆಗೆ ಬಂದವರೆಲ್ಲ ಗಾಳಿ ಅಂದರು, ದೃಷ್ಟಿ ಅಂದರು. ಅಪ್ಪ ಯಾರ ಮಾತೂ ಕೇಳದೆ ಗಾಡಿ ಕಟ್ಟಿ ಅವಳನ್ನು ಮದ್ದೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಟ. ಅಂಥದ್ದರಲ್ಲಿ ಅವ್ವನಿಗೆ ಮದ್ದು ಸಿಕ್ಕಿತಲ್ಲ ಎಂದು ಹಿಗ್ಗಿದೆವು.

ಮದ್ದಿನ ಹೆಸರು ಬ್ರೋಮೈಡು. ಅದು ನರಗಳನ್ನು ತಣಿಸಿ ನಿದ್ದೆ ಕೊಡುತ್ತದೆ, ಮನಸ್ಸು ಹಗುರಾಗುತ್ತದೆ ಅಂದರಂತೆ. ಪಥ್ಯ ಏನೂ ಬೇಡ ಎಂದೂ ಹೇಳಿದ್ದರು. ಅಪ್ಪನ ತಾಯಿ, ನಮ್ಮಜ್ಜಿ, ಇದನ್ನು ಮಾತ್ರ ನಂಬಲಿಲ್ಲ.

"ಪತ್ಯ ಇಲ್ದಿದ್ ಮದ್ದು ಯಾವ್ ಸೀಮೆ ಮದ್ಲಾ? ಉಪ್ಪು, ಉಳಿ, ಕಾರ ಎಲ್ಲಾ ಬುಡುಸ್ತೀನಿ. ಎದ್ ಓಡಾಡ್ತಾಳೆ ನೋಡು."

ನಾಲಿಗೆ ಕಟ್ಟದೆ ರೋಗ ಬಿಡದು ಎಂಬುದು ನಮ್ಮ ಕಡೆಯ ನಂಬಿಕೆ. ಅವ್ವನಿಗೆ ಬೇರೆ ಮಡಕೆಯಲ್ಲಿ ಸಪ್ಪೆ ಸಾರು ಬೆಂದಿತು. ಅಜ್ಜಿಯದು ಕೆಟ್ಟ ಮನಸ್ಸಲ್ಲ. ಸೊಸೆ ಒಬ್ಬಳೇ ತಿನ್ನಬಾರದೆಂದು ತಾನೂ ಅದನ್ನೇ ಉಂಡಳು.

ಮೊದಮೊದಲು ಅವ್ವ ಚೆನ್ನಾಗಿ ನಿದ್ದೆ ಮಾಡಿದಳು. ಒಮ್ಮೆ ನನ್ನ ತಲೆ ಬಾಚಿ ಜಡೆಯನ್ನೂ ಹಾಕಿದಳು. ಆಮೇಲೆ ಆ ನಿದ್ದೆ ಅವಳನ್ನು ಬಿಡಲೇ ಇಲ್ಲ. ಎದ್ದರೆ ತೂರಾಡುವಳು, ಮಾತು ತೊದಲುವುದು, ಮುಖದ ತುಂಬ ಗುಳ್ಳೆ. ನನ್ನನ್ನು ತನ್ನ ತಂಗಿ ಎಂದುಕೊಂಡು ಮಾತಾಡಿಸಿದಳು. ರೋಗ ಹೆಚ್ಚಾಯಿತೆಂದು ಅಪ್ಪ ಸೀಸೆಯನ್ನಷ್ಟೇ ಒಯ್ದು ಮತ್ತೆ ತುಂಬಿಸಿಕೊಂಡು ಬಂದ. ಅಜ್ಜಿ ಪಥ್ಯ ಬಿಗಿ ಮಾಡಿದಳು.

ಒಂದು ಮಧ್ಯಾಹ್ನ ಅವ್ವ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅತ್ತೆ, ಒಂದ್ ಕಲ್ಲುಪ್ಪು ಕೊಡಿ."

ಅಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅಜ್ಜಿ ಅಳುತ್ತಲೇ ಉಪ್ಪಿನ ಮಡಕೆಯನ್ನು ಅಟ್ಟಕ್ಕೇರಿಸಿದಳು. "ಇನ್ ವಸಿ ದಿನ ತಡ್ಕೊ ಕಣವ್ವ," ಎಂದಳು.

ಮಂಡ್ಯದ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಕಾಲ ಮೀರಿತ್ತು. ಅವಳಿಗೆ ಏನು ಉಣ್ಣಿಸುತ್ತಿದ್ದಿರಿ ಎಂದು ಅಲ್ಲಿನ ಡಾಕ್ಟರು ಕೇಳಿದರು. ಆಮೇಲೆ ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಈ ಮದ್ದು ಮೈಯಿಂದ ಹೊರಗೆ ಹೋಗುವುದಕ್ಕೆ ಉಪ್ಪು ಬೇಕು. ಉಪ್ಪು ಬಿಟ್ಟರೆ ಅದು ಒಳಗೇ ಕೂಡುತ್ತ ಹೋಗಿ ವಿಷವಾಗುತ್ತದೆ. ಅಪ್ಪನ ಪಂಚೆ ಹಿಡಿದು ನಿಂತಿದ್ದ ನಾನೂ ಕೇಳಿಸಿಕೊಂಡೆ. ಮಾರನೆಯ ದಿನ ಅವ್ವ ಹೋದಳು.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಯಾರಾದರೂ ಗಾದೆ ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಡಾಕ್ಟರ ಮಾತನ್ನು ಅಜ್ಜಿಯ ಕಿವಿಗೆ ಹಾಕಬೇಡ ಎಂದು ಅಪ್ಪ ನನಗೆ ಹೇಳಿದ್ದ. ನಾನು ಹಾಕಲಿಲ್ಲ.

ಆ ವರ್ಷ ಪಿತೃಪಕ್ಷದಲ್ಲಿ ಅವ್ವನಿಗೆ ಎಡೆ ಇಟ್ಟೆವು. ಸತ್ತವರು ಆಸೆಪಟ್ಟಿದ್ದನ್ನೆಲ್ಲ ಎಲೆಗೆ ಬಡಿಸುವುದು ವಾಡಿಕೆ. ಅಪ್ಪ ಎಲೆಯ ತುದಿಗೆ ಒಂದು ಹಿಡಿ ಕಲ್ಲುಪ್ಪು ಸುರಿದ.

"ಅದ್ಯಾಕ್ಲಾ ಅಷ್ಟೊಂದ್ ಉಪ್ಪು?" ಎಂದಳು ಅಜ್ಜಿ.

"ಕೇಳಿದ್ಲಲ್ಲವ್ವ."

ಅಜ್ಜಿ ಎದ್ದು ಉಪ್ಪಿನ ಮಡಕೆಯ ಹತ್ತಿರ ಹೋದಳು. "ಆಗ ಕೊಟ್ಟಿದ್ರೆ ಪತ್ಯ ಕೆಡ್ತಿತ್ತು ಕಣ್ಲಾ. ಈಗ ತಿನ್ಲಿ ಬುಡು," ಎಂದು ತಾನೂ ಒಂದು ಹಿಡಿ ತಂದು ಹಾಕಿದಳು.