ಬೀರುವಿನಲ್ಲಿ ಕೀಲಿ ಹಾಕಿಟ್ಟ ಗಂಜಿ

೧೯೬೪ರಲ್ಲಿ ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಆಯಾ ಆಗಿದ್ದೆ. ಹಾಸಿಗೆ ಬದಲಿಸುವುದು, ಬೆಡ್‌ಪ್ಯಾನ್ ತೊಳೆಯುವುದು, ಬಂದುಹೋಗುವವರ ಮೇಲೆ ಕಣ್ಣಿಡುವುದು ನನ್ನ ಕೆಲಸ. ಕಣ್ಣಿಡು ಎಂದು ಯಾರೂ ಹೇಳಿರಲಿಲ್ಲ. ಆದರೆ ರೋಗಿಯ ಬುಗುಡಿ ಕಳೆದರೆ ಮೊದಲು ಆಯಾಳನ್ನೇ ಹಿಡಿಯುತ್ತಿದ್ದರು. ಅದಕ್ಕೇ ನಾನು ಯಾರನ್ನೂ ನಂಬುತ್ತಿರಲಿಲ್ಲ.

ಹೆಬ್ಬಳ್ಳಿಯ ನಿಂಗವ್ವನಿಗೆ ಹೊಟ್ಟೆಯ ಕ್ಯಾನ್ಸರ್. ವಾಸಿಯಾಗುವ ಹಂತ ದಾಟಿತ್ತು. ನೋವು, ವಾಂತಿ ಕಡಿಮೆ ಮಾಡುವುದಷ್ಟೇ ಉಳಿದಿತ್ತು. ಜೊತೆಗಿದ್ದವಳು ಸೊಸೆ ಶಿವಕ್ಕ. ಮಾತು ಕಡಿಮೆ. ನವಣೆ ಗಂಜಿ ಕಾಸಿ ತಂಬಿಗೆಯಲ್ಲಿ ತಂದು, ಸೆರಗು ಅಡ್ಡ ಹಿಡಿದು ಅತ್ತೆಗೆ ಕುಡಿಸುತ್ತಿದ್ದಳು. ಮರೆ ಯಾಕೆ ಬೇಕು? ಮೊದಲ ದಿನವೇ ನನಗೆ ಅವಳ ಮೇಲೆ ಗುಮಾನಿ ಬಂತು.

ವಾಂತಿ ನಿಲ್ಲದಿದ್ದಾಗ ಡಾಕ್ಟರು ಕ್ಲೋರ್‌ಪ್ರೊಮಝೀನ್ ಎಂಬ ಇಂಜೆಕ್ಷನ್ ಶುರು ಮಾಡಿಸಿದರು. ಅದು ಬುದ್ಧಿ ಕೆಟ್ಟವರಿಗೆ ಕೊಡುವ ಔಷಧ; ವಾಂತಿಯನ್ನೂ ಹಿಡಿಯುತ್ತದೆ. ಹಿಡಿಯಿತು.

ಮರುದಿನ ಮಧ್ಯಾಹ್ನ ಅರ್ಧ ಗಂಜಿ ಕುಡಿದಿದ್ದಳಷ್ಟೇ, ನಿಂಗವ್ವನ ಕತ್ತು ಹಿಂದಕ್ಕೆ ತಿರುಚಿಕೊಂಡಿತು. ದವಡೆ ಕಚ್ಚಿಕೊಂಡಿತು. ಕಣ್ಣುಗುಡ್ಡೆಗಳು ಮೇಲೆ ಹೋಗಿ ನಿಂತವು. ಎಚ್ಚರವಿತ್ತು, ಮಾತಿಲ್ಲ. ನೋಡಲು ಬಂದಿದ್ದ ಮಗಳು ಬಸವ್ವ ಚೀರಿದಳು.

"ಏನ ಹಾಕಿ ಕುಡಿಸಿದಿ ವೈನಿ? ನಮ್ಮವ್ವನ್ನ ಲಗೂ ಕಳಿಸಿ ಮನಿ ಕೀಲಿ ಸೊಂಟಕ್ಕ ಸಿಗಿಸ್ಕೊಳ್ಳಾಕತ್ತಿಯೇನ?"

"ನವಣಿ, ಉಪ್ಪು. ಮತ್ತೇನಿಲ್ಲ," ಎಂದಳು ಶಿವಕ್ಕ.

"ಖರೇ ಹೇಳವಾ. ಪೊಲೀಸರು ಬಂದ್ರ ಹಿಂಗ ಕೇಳಂಗಿಲ್ಲ," ಎಂದು ನಾನೂ ಗದರಿಸಿದೆ. ಉಳಿದ ಗಂಜಿಯನ್ನು ತಂಬಿಗೆ ಸಮೇತ ವಾರ್ಡಿನ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಬಸವ್ವ ಅತ್ತಿಗೆಯನ್ನು ಬಾಗಿಲಾಚೆ ನೂಕಿ, ಠಾಣೆಗೆ ಹೋಗುತ್ತೇನೆಂದು ಚಪ್ಪಲಿ ಮೆಟ್ಟಿದಳು.

ಅಷ್ಟರಲ್ಲಿ ಡಾಕ್ಟರು ಬಂದರು, ಅವಳು ಅಲ್ಲೇ ನಿಂತಳು. ಸಿಸ್ಟರು ಧನುರ್ವಾಯು ಇರಬಹುದು ಎಂದರು. ಡಾಕ್ಟರು ಮೈಮೇಲೆ ಗಾಯ ಹುಡುಕಿದರು, ಇರಲಿಲ್ಲ. ಕೈಕಾಲು ಮಡಚಿ ನೋಡಿದರು, ಸಡಿಲವಾಗಿದ್ದವು. ಧನುರ್ವಾಯು ಆಗಿದ್ದರೆ ಅವೂ ಸೆಟೆಯುತ್ತಿದ್ದವು ಎಂದರು.

"ನಿನ್ನಿಯಿಂದ ಹೊಸಾದು ಏನ ಕೊಟ್ಟೀರಿ?"

ನಾನು ಬೀರು ತೋರಿಸಿದೆ. ಅವರು ಅತ್ತ ನೋಡಲಿಲ್ಲ.

"ನಾ ಬರದ ಇಂಜೆಕ್ಷನ್ನೇ ಹೊಸಾದು. ಬಂದ್ ಮಾಡ್ರಿ."

ಆ ಔಷಧ ಅಪರೂಪಕ್ಕೆ ಒಬ್ಬರ ಕತ್ತು, ದವಡೆ, ಕಣ್ಣಿನ ಸ್ನಾಯುಗಳನ್ನು ಹೀಗೆ ಹಿಡಿದು ತಿರುಚುತ್ತದಂತೆ. ಅದನ್ನು ಬಿಡಿಸಲು ಬೇರೊಂದು ಇಂಜೆಕ್ಷನ್ ಕೊಟ್ಟರು. ನನಗೆ ನಂಬಿಕೆ ಬರಲಿಲ್ಲ. ವಾರ್ಡಿಗೆ ಪೊಲೀಸರು ಬರಬಾರದೆಂದು ಕಥೆ ಕಟ್ಟುತ್ತಿದ್ದಾರೆ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಕತ್ತು ನೆಟ್ಟಗಾಯಿತು. ಕಣ್ಣು ಕೆಳಗಿಳಿದವು. ದವಡೆ ಬಿಟ್ಟಿತು. ನಿಂಗವ್ವ ಅಷ್ಟೂ ಹೊತ್ತು ಎಲ್ಲ ಕೇಳಿಸಿಕೊಂಡಿದ್ದಳು.

"ಬಸವ್ವಾ, ನಾ ಹೆಂಗೂ ಸಾಯಾಕಿ. ಅಕಿ ಯಾಕ ವಿಷಾ ದಂಡ ಮಾಡ್ತಾಳ? ಅಕಿನ್ನ ಒಳಗ ಕರಿ. ಗಂಜಿ ಅರ್ಧಾ ಉಳದೈತಿ."

ಬಸವ್ವ ಅಲುಗಲಿಲ್ಲ. ನೀರು ನುಂಗಿಸಿ ನೋಡಿದ ಡಾಕ್ಟರು ಹೂಂ ಅಂದ ಮೇಲೆ ನಾನೇ ಬೀರು ತೆಗೆದು, ಶಿವಕ್ಕನನ್ನು ಕರೆದು ತಂಬಿಗೆ ಕೊಟ್ಟೆ. ಅವಳು ಮತ್ತೆ ಸೆರಗು ಅಡ್ಡ ಹಿಡಿದಳು. ಈ ಸಲ ಹತ್ತಿರ ಹೋಗಿ ಇಣುಕಿದೆ. ಗಂಜಿ ಅತ್ತೆಯ ಬಾಯಿಂದ ಗದ್ದಕ್ಕೆ ಸೋರುತ್ತಿತ್ತು. ಪಕ್ಕದ ಹಾಸಿಗೆಯವರು ನೋಡದಿರಲೆಂದು ಆ ಮರೆ.

ನಿಂಗವ್ವ ಮುಂದೆ ರೋಗದಿಂದಲೇ ಸತ್ತಳು. ಕೊನೆಯವರೆಗೂ ಶಿವಕ್ಕನ ತಂಬಿಗೆ ಬರುತ್ತಿತ್ತು.

ಗುಮಾನಿಯನ್ನು ನಾನು ಬಿಡಲಿಲ್ಲ. ಆ ಕೆಲಸದಲ್ಲಿ ಬಿಟ್ಟರೆ ನಡೆಯದು. ಆದರೆ ರೋಗಿಗೆ ಏಕಾಏಕಿ ಏನಾದರೂ ಆದರೆ, ಮನೆಯಿಂದ ಬಂದ ಪಾತ್ರೆ ಮುಟ್ಟುವ ಮೊದಲು, ನಾವೇನು ಕೊಟ್ಟಿದ್ದೇವೆಂದು ಸಿಸ್ಟರನ್ನು ಕೇಳುತ್ತಿದ್ದೆ.

"ಏನವಾ, ಈಗ ನಮ್ಮ ಮ್ಯಾಲೂ ಗುಮಾನಿ?" ಎಂದು ಒಬ್ಬ ಸಿಸ್ಟರು ಸಿಡುಕಿದರು.

"ಹೌದ್ರಿ," ಅಂದೆ. "ಮೊದಲ ನಿಮ್ಮ ಮ್ಯಾಲ."