ಹುಳು ಮನೆಯ ಹಗ್ಗದಾಚೆ ಅಕ್ಕಯಮ್ಮ

ನಮ್ಮೂರಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತೆಂದರೆ, ಅಂದರೆ ಕೊನೆಯ ಸಲ ಪೊರೆ ಕಳಚಿತೆಂದರೆ, ಅಲ್ಲಿಂದ ಎಂಟು ದಿನ ಯಾರ ಮನೆಗೂ ಯಾರೂ ಹೋಗುವಂತಿಲ್ಲ. ಬಾಗಿಲಿಗೆ ಅಡ್ಡಲಾಗಿ ಒಂದು ಹಗ್ಗ, ಹಗ್ಗಕ್ಕೆ ಬೇವಿನ ಸೊಪ್ಪು. ಅದನ್ನು ಕಂಡರೆ ಹಾಲಿನವನೂ ಬೀದಿಯಿಂದಲೇ ಕೂಗುತ್ತಾನೆ. ಹೊರಗಿನವರ ಕಾಲಲ್ಲಿ ರೋಗ ಬರಬಾರದು, ಮನೆಯಲ್ಲಿ ಔಷಧಿ, ಊದುಬತ್ತಿಯ ವಾಸನೆ ಇರಬಾರದು. ಒಳಗೆ ಹೋಗುವ ಮನೆಯವರೂ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿ, ಸುಣ್ಣದ ಪುಡಿ ತುಳಿದೇ ಹೋಗಬೇಕು. ನನ್ನ ತವರು ಶಿವಾರಪಟ್ಟಣ, ಶಿಲ್ಪಿಗಳ ಊರು. ದಿನವಿಡೀ ಕಲ್ಲಿಗೆ ಉಳಿ ಬೀಳುವ ಸದ್ದಿನಲ್ಲಿ ಬೆಳೆದವಳಿಗೆ, ಹುಳುವಿನ ಮುಂದೆ ದನಿ ತಗ್ಗಿಸಿ ಮಾತಾಡುವ ಈ ಆವನಿ ಪಕ್ಕದ ಊರು ಅಭ್ಯಾಸವಾಗಲು ಒಂದು ವರ್ಷ ಹಿಡಿಯಿತು.

ಆ ಹಗ್ಗದಾಚೆ ನಿಂತು ಬೇಜಾರಿಲ್ಲದೆ ಕೂಗುತ್ತಿದ್ದವಳು ಅಕ್ಕಯಮ್ಮ, ನಮ್ಮೂರ ಆಶಾ ಕಾರ್ಯಕರ್ತೆ. ಅವಳ ಬಗ್ಗೆ ಬರೆದಿಡಬೇಕು ಎಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮಗು ಮಲಗಿದೆ, ಹಾಸಿಗೆ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಅಕ್ಕಯಮ್ಮನ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಕೂಗಳತೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹತ್ತನೇ ತರಗತಿ ಗಣಿತದಲ್ಲಿ ಎರಡು ಸಲ ಕೂತು ಪಾಸಾದವಳು. ಮದುವೆಯಾಗಿ ಬಂದ ಮೇಲೆ ಆರು ವರ್ಷ ಅವಳೂ ಹುಳು ಸಾಕಿದಳು. ಅಣ್ಣತಮ್ಮಂದಿರು ಭಾಗವಾದಾಗ ಹಿಪ್ಪುನೇರಳೆ ತೋಟ ಮೈದುನನ ಪಾಲಿಗೆ ಹೋಯಿತು. ಗಂಡ ಆಂಜಿನಪ್ಪ ವೇಮಗಲ್‌ನ ಕಾರ್ಖಾನೆಗೆ ಕೆಲಸಕ್ಕೆ ಹೊರಟ, ಇವಳು ಗುಲಾಬಿ ಸೀರೆಯುಟ್ಟು ಮನೆಮನೆ ಹೊರಟಳು. ಊರಿನ ಇನ್ನೂರ ಹತ್ತು ಮನೆಯಲ್ಲಿ ಯಾರ ಬಸುರಿಗೆ ಎಷ್ಟು ತಿಂಗಳು, ಯಾರ ಮಾವ ಬಿಪಿ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರೆ, ಎಲ್ಲ ಅವಳಿಗೆ ಗೊತ್ತು. ಒಂದು ತಮಾಷೆಯೆಂದರೆ ಅವಳಿಗೆ ಸೂಜಿ ಕಂಡರೆ ಆಗದು. ಮಗುವಿನ ತೋಳು ಗಟ್ಟಿಯಾಗಿ ಹಿಡಿದುಕೊಂಡು, ತಾನು ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚುತ್ತಾಳೆ.

ಕಳೆದ ನವೆಂಬರಿನಲ್ಲಿ ನನ್ನ ಮಗಳು ಚೈತನ್ಯಳಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಲಸಿಕೆ ಹಾಕಿಸುವ ವಯಸ್ಸು. ನಮ್ಮೂರ ಅಂಗನವಾಡಿಯಲ್ಲಿ ಲಸಿಕೆ ಹಾಕುವುದು ಪ್ರತಿ ತಿಂಗಳ ಎರಡನೇ ಗುರುವಾರ. ಆ ಗುರುವಾರ ನಮ್ಮ ಮನೆಗೆ ಹಗ್ಗ ಬಿದ್ದಿತ್ತು. ಅತ್ತೆ ವೆಂಕಟರತ್ನಮ್ಮ ಖಡಾಖಂಡಿತವಾಗಿ ಹೇಳಿದರು: “ಮುಂದಿನ ತಿಂಗಳು ಹಾಕ್ಸೋಣ. ಸೂಜಿ ಹಾಕಿದ್ರೆ ಮಗು ಮೈ ಬಿಸಿಯಾಗಿ ಎರಡು ದಿನ ನಿನ್ನ ಸೊಂಟ ಬಿಡಲ್ಲ. ಸೊಪ್ಪು ಯಾರು ಹಾಕ್ತಾರೆ?”

ಡಿಸೆಂಬರಿನ ಗುರುವಾರ ಬಂತು. ಮತ್ತೆ ಹಗ್ಗ.

“ಗಂಗಾ! ಏ ಗಂಗಾಲಕ್ಷ್ಮೀ! ಮಗೂನ ಕರ್ಕೊಂಡು ಬಾಮ್ಮ,” ಎಂದು ಅಕ್ಕಯಮ್ಮ ಬೀದಿಯಿಂದ ಕೂಗಿದಳು.

ಅತ್ತೆ ಸೊಪ್ಪಿನ ಕಟ್ಟು ಹಿಡಿದೇ ಬಾಗಿಲಿಗೆ ಬಂದರು. “ಹಗ್ಗ ಕಾಣಿಸ್ತಿಲ್ವೇನೇ ನಿಂಗೆ?”

“ಕಾಣ್ತದೆ ರತ್ನಕ್ಕ. ಪಕ್ಕದೂರಲ್ಲಿ ಎರಡು ಮಕ್ಕಳಿಗೆ ದಡಾರ ಬಂದದೆ, ಅದೂ ಕಾಣ್ತದೆ.”

“ಅಮ್ಮ ಬಂದ್ರೆ ಬೇವಿನ ಸೊಪ್ಪು ಹಾಸಿ ಮಲಗಿಸ್ತೀವಿ. ನನ್ ಮೂರು ಮಕ್ಕಳಿಗೂ ಬಂದು ಹೋಗಿಲ್ವಾ?”

“ಬಂದು ಹೋಯ್ತು. ಬಂದೋಳು ಮಗೂನೂ ಕರ್ಕೊಂಡು ಹೋದ ಮನೇಲಿ ಕೇಳಿ ನೋಡಕ್ಕ.”

ಅತ್ತೆ ಒಳಗೆ ಹೋದರು. ಅವರನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು. ಐದು ವರ್ಷದ ಹಿಂದೆ ಯಾರೋ ನೆಂಟರು ಹಗ್ಗ ದಾಟಿ ಬಂದ ಮೂರನೇ ದಿನಕ್ಕೆ ಹುಳುಗಳೆಲ್ಲ ಹಾಲುಬಣ್ಣಕ್ಕೆ ತಿರುಗಿ ಸತ್ತು, ಬುಟ್ಟಿಬುಟ್ಟಿ ಹೊತ್ತು ಗುಂಡಿಗೆ ಸುರಿದಿದ್ದರಂತೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ ಎನ್ನುತ್ತಾರೆ. ನನಗೆ ಅವರ ಭಯವೂ ಅರ್ಥವಾಗುತ್ತಿತ್ತು, ಸೊಂಟದಲ್ಲಿದ್ದ ಮಗುವಿನ ಭಾರವೂ ತಿಳಿಯುತ್ತಿತ್ತು.

ಅಕ್ಕಯಮ್ಮ ಹೋಗಲಿಲ್ಲ. ಬೀದಿಯ ಕಲ್ಲಿನ ಮೇಲೆ ಕೂತು ತನ್ನ ರಿಜಿಸ್ಟರ್ ತೆಗೆದಳು. “ಹದಿನಾಲ್ಕು ಮಕ್ಕಳು ತಪ್ಪಿದಾರೆ. ಹದಿನಾಲ್ಕೂ ಹುಳು ಮನೇವೇ. ನೀನು ದಿನಾ ಏನೋ ಬರೀತಿರ್ತೀಯಲ್ಲಮ್ಮ, ಚಾಕಿ ಬಂದ ತಾರೀಕು ಬರ್ದಿದೀಯಾ?”

ಬರೆದಿದ್ದೆ. ಮಗುವಿಗೆ ಹಲ್ಲು ಬಂದದ್ದು, ಮರಿಹುಳು ಮನೆಗೆ ಬಂದದ್ದು, ಎಲ್ಲ ಒಂದೇ ಪುಸ್ತಕದಲ್ಲಿ. ನಾನು ಹಗ್ಗದ ಈಚೆ ನಿಂತು ಓದಿದೆ, ಅವಳು ಆಚೆ ಕೂತು ಬರೆದುಕೊಂಡಳು. ನಮ್ಮೂರವರೆಲ್ಲ ಮರಿಹುಳು ತರುವುದು ಕದಿರೇಶ್ ಎಂಬುವನ ಚಾಕಿ ಕೇಂದ್ರದಿಂದ, ಹೆಚ್ಚುಕಡಿಮೆ ಒಂದೇ ದಿನ. ತೋಟವನ್ನು ಎರಡು ಭಾಗ ಮಾಡಿಕೊಂಡು ತಿಂಗಳಿಗೊಂದು ಬೆಳೆ ತೆಗೆಯುತ್ತಾರೆ. ಲಸಿಕೆಯೂ ತಿಂಗಳಿಗೊಂದು ದಿನ. ಹಾಗಾಗಿ ಪ್ರತಿ ಸಲವೂ ಆ ಗುರುವಾರ ಹಗ್ಗದ ವಾರದಲ್ಲೇ ಬಂದು ಬೀಳುತ್ತಿತ್ತು.

ಅಕ್ಕಯಮ್ಮ ಪೆನ್ನನ್ನು ಬಾಯಲ್ಲಿ ಕಚ್ಚಿಕೊಂಡು ಚಾಕಿ ತಾರೀಕನ್ನೂ ಲಸಿಕೆ ತಾರೀಕನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು. “ಅಯ್ಯೋ ದೇವುಡಾ! ಆರು ವರ್ಷ ಹುಳು ಸಾಕಿ ನಂಗೇ ಹೊಳೀಲಿಲ್ವಲ್ಲ. ತಾಯಂದ್ರನ್ನ ಬೈಕೊಂಡು ತಿರುಗ್ತಾ ಇದ್ದೆ.”

ಮರುದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಡಾಕ್ಟರ ಮುಂದೆ ಎರಡು ಪಟ್ಟಿ ಇಟ್ಟಳಂತೆ. ಲಸಿಕೆ ದಿನ ಇಡೀ ತಾಲ್ಲೂಕಿನ ಯೋಜನೆಯಲ್ಲಿ ಮೊದಲೇ ಗೊತ್ತಾಗಿರುತ್ತದೆ, ಒಬ್ಬೊಬ್ಬರ ಬೆಳೆಗೆ ಬದಲಾಯಿಸಲಾಗದು ಎಂದು ಅವರು ಮೊದಲು ಹೇಳಿದರು. ಪಕ್ಕದೂರಲ್ಲಿ ದಡಾರ ಇರುವಾಗ ಹದಿನಾಲ್ಕು ಮಕ್ಕಳು ಬಾಕಿ ಎಂದಾಗ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಸೋಮವಾರಕ್ಕೆ ಒಂದು ಹೆಚ್ಚುವರಿ ದಿನ ಕೊಟ್ಟರು. ಲೆಕ್ಕದ ಪ್ರಕಾರ ಶನಿವಾರಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತಬೇಕು, ಸೋಮವಾರ ಹಗ್ಗ ಇರುವುದಿಲ್ಲ.

ಆದರೆ ಆ ವಾರ ಬಿದ್ದ ಚಳಿ ಯಾರ ಲೆಕ್ಕದಲ್ಲೂ ಇರಲಿಲ್ಲ. ಹುಳು ಮೈ ಮುದುಡಿಕೊಂಡು ನಿಧಾನವಾದವು. ಸೋಮವಾರ ಬೆಳಿಗ್ಗೆ ನೋಡಿದರೆ ಇನ್ನೂ ಸೊಪ್ಪು ಮೇಯುತ್ತಿವೆ. ಬೀದಿಯುದ್ದಕ್ಕೂ ಹಗ್ಗ ಹಾಗೇ ಇದೆ. ಅಂಗನವಾಡಿಯಲ್ಲಿ ಸಿಸ್ಟರ್ ಶಾಮಲಮ್ಮ ಐಸ್ ಡಬ್ಬಿ ಇಟ್ಟುಕೊಂಡು ಒಬ್ಬರೇ ಕೂತಿದ್ದರಂತೆ.

ಅಕ್ಕಯಮ್ಮ ಮತ್ತೆ ಬಂದಳು. ಈ ಸಲ ಬ್ಯಾಗ್ ಇರಲಿಲ್ಲ. ತಲೆಗೆ ನೀರು ಹಾಕಿಕೊಂಡು, ಬೇರೆ ಸೀರೆ ಉಟ್ಟು, ಬರಿಗಾಲಲ್ಲಿ ಬಂದು ಹಗ್ಗದಿಂದ ನಾಲ್ಕು ಮಾರು ದೂರ ನಿಂತಳು.

“ರತ್ನಕ್ಕ, ಒಂದು ಮಾತು ಕೇಳ್ತೀನಿ. ಹುಳುಗೆ ರೋಗ ಬಂದ್ಮೇಲೆ ಏನ್ ಔಷಧಿ ಹಾಕ್ತೀರಾ?”

“ಬಂದ್ಮೇಲೆ ಏನೇ ಹಾಕೋದು? ಗುಂಡಿಗೆ ಹಾಕೋದು. ಬರೋಕ್ಮುಂಚೆ ಸುಣ್ಣ, ಬ್ಲೀಚಿಂಗು ಎಲ್ಲಾ…” ಅತ್ತೆ ಅರ್ಧಕ್ಕೇ ನಿಲ್ಲಿಸಿದರು. ನನ್ನ ಸೊಂಟದಲ್ಲಿದ್ದ ಚೈತನ್ಯಳನ್ನು ನೋಡಿದರು. ಆಮೇಲೆ ಸಿಟ್ಟಿನಿಂದ, “ಮಾತಲ್ಲಿ ಸಿಕ್ಕಾಕಿಸ್ಬೇಡ ನನ್ನ. ಹೋಗೇ ಆಚೆ,” ಎಂದರು.

“ಹೋಗ್ತೀನಿ. ನೀವು ಹಗ್ಗ ಬಿಚ್ಚೋದೂ ಬೇಡ, ಬೆಳೆ ಕೆಡೋದೂ ಬೇಡ. ಏನ್ ಮಾಡ್ಲಿ, ನೀವೇ ಹೇಳಿ.”

ಇಬ್ಬರೂ ತೆಲುಗಿಗೆ ಇಳಿದರು. ಜಗಳ ಜೋರಾದರೆ ನಮ್ಮೂರಲ್ಲಿ ಯಾವಾಗಲೂ ಹಾಗೆ. ನನಗೆ ಅರ್ಧ ಅರ್ಥವಾಯಿತು. ಒಳಗೆ ಸೊಪ್ಪು ಕಡಿಯುತ್ತಿದ್ದ ನನ್ನ ಗಂಡ ಅನಿಲ್ ಇಣುಕಿ ನೋಡಿ, ಯಾರ ಪರವೂ ವಹಿಸದೆ ಸೊಪ್ಪಿಗೇ ಹಿಂತಿರುಗಿದರು.

ಕೊನೆಗೆ ಅತ್ತೆ ಕನ್ನಡಕ್ಕೆ ಬಂದರು. “ಬೀದಿ ಕೊನೇಲಿ ಹೊಂಗೆ ಮರ ಐತಲ್ಲ, ಆ ಸಿಸ್ಟರ್‌ನ ಅಲ್ಲಿಗೆ ಕರ್ಕೊಂಡು ಬಾ. ಒಬ್ಬೊಬ್ರೇ ಹೋಗಿ ಬರ್ಲಿ. ವಾಪಸ್ ಬರುವಾಗ ಹಿತ್ತಲಿಂದ ಬಂದು, ಸ್ನಾನ ಮಾಡಿ ಸೀರೆ ಬದಲಾಯಿಸ್ಬೇಕು. ಇವತ್ತು, ನಾಳೆ ಇವಳು ಹುಳು ಮನೆಗೆ ಕಾಲಿಡೋದು ಬೇಡ. ಸೊಪ್ಪು ನಾನೇ ಹಾಕ್ತೀನಿ. ಬೆಳೆ ಕೆಟ್ರೆ ನೋಡು ಮತ್ತೆ, ನಿಮ್ಮನೆ ಬಾಗಿಲಿಗೇ ತಂದು ಸುರೀತೀನಿ.”

“ಸುರೀರಿ ಅಕ್ಕ, ನಾನೇ ಬುಟ್ಟಿ ಹಿಡೀತೀನಿ,” ಎಂದಳು ಅಕ್ಕಯಮ್ಮ, ಆಗಲೇ ಓಡುತ್ತಾ.

ಸಿಸ್ಟರ್ ಶಾಮಲಮ್ಮ ಸುಲಭಕ್ಕೆ ಏಳಲಿಲ್ಲವಂತೆ. ಕಾಗದದಲ್ಲಿ ಅಂಗನವಾಡಿ ಎಂದಿದೆ, ಮರದ ಕೆಳಗೆ ಎಂದಿಲ್ಲ. ಡಾಕ್ಟರಿಗೆ ಫೋನು ಹೋಯಿತು. ನೆರಳಿರಲಿ, ಕೈ ತೊಳೆಯಲು ನೀರು ಸೋಪು ಇರಲಿ, ಲಸಿಕೆ ಆದ ಮೇಲೆ ಪ್ರತಿ ಮಗುವೂ ಅರ್ಧ ಗಂಟೆ ಅಲ್ಲೇ ಇರಲಿ, ಜಾಗ ಬದಲಾಯಿಸಿದ್ದನ್ನು ಬರೆದುಕೊಳ್ಳಿ ಎಂದರು ಅವರು. ಅಕ್ಕಯಮ್ಮ ಅಂಗನವಾಡಿಯ ಮೇಜನ್ನು ತಲೆ ಮೇಲೆ ಹೊತ್ತು ತಂದಳು.

ನಾವು ಹೋಗುವಷ್ಟರಲ್ಲಿ ಬಿಸಿಲೇರಿತ್ತು. ಶಾಮಲಮ್ಮ ಔಷಧಿ ಬೆರೆಸಿ ಗಡಿಯಾರ ನೋಡಿದರು. “ಈ ಬಾಟ್ಲಿ ಒಡೆದ್ಮೇಲೆ ನಾಲ್ಕೇ ಗಂಟೆ. ಐದು ಮಕ್ಕಳಿಗೆ ಆಗುತ್ತೆ. ಬಾಕಿಯವರು ಬರ್ತಾರೇನಮ್ಮ?” ನನಗೆ ಗೊತ್ತಿರಲಿಲ್ಲ. ಅಕ್ಕಯಮ್ಮ ಚೈತನ್ಯಳ ತೋಳು ಹಿಡಿದು, ಎಂದಿನಂತೆ ಮುಖ ತಿರುಗಿಸಿದಳು. ಮಗು ಉಸಿರು ಕಟ್ಟಿ, ಆಮೇಲೆ ಊರೇ ಕೇಳುವಂತೆ ಕಿರುಚಿತು. ಎ ವಿಟಮಿನ್ ಸಿರಪ್ ಬಾಯಿಗೆ ಬಿದ್ದ ಮೇಲೆ ತುಟಿ ಚಪ್ಪರಿಸಿ, ಅಳಬೇಕೋ ಬೇಡವೋ ಎಂದು ಯೋಚಿಸಿತು.

ಆ ಕಿರುಚಾಟವೇ ಡಂಗುರವಾಯಿತೇನೋ. ವೆಂಕಟರತ್ನಮ್ಮನೇ ಸೊಸೆಯನ್ನು ಕಳಿಸಿದಳಂತೆ ಎಂಬ ಸುದ್ದಿ ಹಗ್ಗದಿಂದ ಹಗ್ಗಕ್ಕೆ ಹಾರಿತು. ಒಬ್ಬೊಬ್ಬರೇ ಬಂದರು. ಸಂಜೆಯೊಳಗೆ ಹದಿನಾಲ್ಕರಲ್ಲಿ ಹನ್ನೊಂದು ಮಕ್ಕಳಿಗೆ ಆಯಿತು. ಎರಡನೇ ಬಾಟಲಿ, ಮೂರನೆಯದೂ ಒಡೆದರು.

ಚೈತನ್ಯಳ ಮೈ ಮರುದಿನ ಬಿಸಿಯಾಗಿ, ಅದರ ಮರುದಿನ ತಣ್ಣಗಾಯಿತು. ಹುಳು ಗುರುವಾರ ಚಂದ್ರಿಕೆ ಹತ್ತಿದವು. ಗೂಡು ಚೆನ್ನಾಗಿಯೇ ಬಂತು. ಅತ್ತೆ ಒಂದೊಂದನ್ನೂ ಹಿಚುಕಿ ನೋಡಿ ಬುಟ್ಟಿಗೆ ಹಾಕಿದರು. ಜನವರಿಯಲ್ಲಿ ನಮ್ಮೂರಿಗೂ ದಡಾರ ಬಂತು. ಉಳಿದ ಮೂವರಲ್ಲಿ ಇಬ್ಬರು ಮಕ್ಕಳು ಮಲಗಿದರು. ಅಕ್ಕಯಮ್ಮ ದಿನಕ್ಕೆರಡು ಸಲ ಅವರ ಮನೆಗೆ ಹೋಗಿ, ಜ್ವರ ಹೆಚ್ಚಾದ ದಿನವೇ ಆಸ್ಪತ್ರೆಗೆ ಹೊರಡಿಸಿದಳು. ಇಬ್ಬರೂ ಹುಷಾರಾಗಿದ್ದಾರೆ. ಲಸಿಕೆ ಆದವರಲ್ಲಿ ಯಾರಿಗೂ ಬರಲಿಲ್ಲ.

ಈಗ ಡಾಕ್ಟರು ನಮ್ಮೂರ ದಿನ ಗೊತ್ತು ಮಾಡುವ ಮುಂಚೆ ಚಾಕಿ ತಾರೀಕು ಕೇಳುತ್ತಾರೆ. ಪಂಚಾಯಿತಿಯವರು ಹೊಂಗೆ ಮರದ ಕೆಳಗೆ ಕಟ್ಟೆ ಕಟ್ಟಿ ಒಂದು ನಲ್ಲಿ ಹಾಕಿಸಿದ್ದಾರೆ. ನಲ್ಲಿಯಲ್ಲಿ ನೀರು ಬರುವುದು ವಾರಕ್ಕೆ ಮೂರೇ ದಿನ. ಅದಕ್ಕೂ ಅಕ್ಕಯಮ್ಮ ಅರ್ಜಿ ಬರೆದಿದ್ದಾಳೆ.

ಈಗ ಮಗಳಿಗೆ ಹದಿನಾರು ತಿಂಗಳು ತುಂಬುತ್ತದೆ, ಎರಡನೇ ಸಲದ ಲಸಿಕೆ. ಆರೋಗ್ಯ ಕೇಂದ್ರದವರು ಕೊಟ್ಟ ತಾರೀಕು ಚಾಕಿ ತಾರೀಕು ಕೇಳಿದ್ದರೂ ಈ ಸಲ ಯಾಕೋ ನಮ್ಮ ಮನೆಗೆ ಹಗ್ಗ ಬೀಳುವ ದಿನಕ್ಕೇ ಬಂದಿದೆ. ನಾನು ಅತ್ತೆಗೆ ಹೇಗೆ ಹೇಳಲಿ ಎಂದು ಬೆಳಿಗ್ಗೆಯೆಲ್ಲ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಅವರು ಜಗಲಿಯಲ್ಲಿ ಕೂತು ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಲೋ ಕದಿರೇಶ, ನಮ್ಮನೆ ಚಾಕಿ ಈ ಸಲ ಐದು ದಿನ ತಡವಾಗಿ ಕೊಡಪ್ಪ… ಸೊಪ್ಪಿಗೇನೂ ಆಗಿಲ್ಲ ಕಣೋ, ಸೊಪ್ಪು ಬೇಕಾದಷ್ಟೈತೆ. ಮಗೂಗೆ ಸೂಜಿ ಹಾಕ್ಸೋದೈತೆ… ಹೂಂ, ಹುಳು ಕಾಯ್ಲಿ ಬಿಡು.”