ಹನ್ನೊಂದನೆಯ ಅಡಿ

ನಗರಸಭೆಯ ಸಭಾಂಗಣದಲ್ಲಿ ಇಪ್ಪತ್ತೇಳು ವರ್ಷ ಕೂತು ಒಂದೂ ಮಾತಾಡದವರು ಅವರೊಬ್ಬರೇ. ಮಾತಾಡುವಂತಿರಲಿಲ್ಲ. ಮೂವತ್ತೊಂದು ಮಂದಿ ಸದಸ್ಯರು ಆಡಿದ್ದನ್ನೆಲ್ಲ ಕೇಳಿಸಿಕೊಂಡು, ಅದರಲ್ಲಿ ತೀರ್ಮಾನವಾದದ್ದನ್ನು ಮಾತ್ರ ನಡವಳಿ ಪುಸ್ತಕದಲ್ಲಿ ಬರೆಯುವುದು ಅವರ ನೌಕರಿ. ಬೀದಿದೀಪದ ಕಂಬ ಯಾರ ಗೇಟಿಗೂ ಅಡ್ಡವಾಗದಂತೆ ಎಲ್ಲಿ ನಿಲ್ಲಬೇಕು, ಮಾರುಕಟ್ಟೆಯ ಶೌಚಾಲಯದ ಬೀಗದಕೈ ಯಾರ ಬಳಿ ಇರಬೇಕು ಎಂಬಂಥ ಸಂಗತಿಗಳ ಮೇಲೆ ಒಂದು ಗಂಟೆ ಮೇಜು ಗುದ್ದಿದ ಸದ್ದೆಲ್ಲ ಅವರ ಕೈಗೆ ಬಂದಾಗ ಒಂದೂವರೆ ಸಾಲಾಗಿ ತಣ್ಣಗಾಗುತ್ತಿತ್ತು. ಸದಸ್ಯರಿಂದ ಹಿಡಿದು ಜವಾನರವರೆಗೆ ಎಲ್ಲರಿಗೂ ಅವರು ನಡವಳಿ ಅಕ್ಕ.

ಅವರ ಕುರ್ಚಿ ಅಧ್ಯಕ್ಷರ ಪೀಠದ ಎಡಕ್ಕೆ, ಕಿಟಕಿಗೆ ಎದುರಾಗಿತ್ತು. ಬರೆಯುವುದು ನಿಂತಾಗ ತಲೆಯೆತ್ತಿದರೆ ಹಳೆಯ ನೀರಿನ ಟ್ಯಾಂಕು ಕಾಣುತ್ತಿತ್ತು. ಅದರ ಹೊಟ್ಟೆಯ ಮೇಲೆ ಉದ್ದಕ್ಕೆ ಇಳಿಬಿಟ್ಟ ಮಟ್ಟದ ಹಲಗೆ, ಹಲಗೆಯ ಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕಿಗಳು. ಕಿಟಕಿಯಿಂದ ಅಂಕಿಗಳು ಓದಲು ಸಿಗುತ್ತಿರಲಿಲ್ಲ. ಬರಿಯ ಕಪ್ಪು ಚುಕ್ಕೆಗಳು. ಆದರೂ ಅವರು ಓದುತ್ತಿದ್ದರು, ಏಕೆಂದರೆ ಅವನ್ನು ಬರೆದವಳು ಅವರ ಅಮ್ಮ.

ಅಪ್ಪ ಅಲ್ಲಿ ಪಂಪ್ ಆಪರೇಟರ್ ಆಗಿದ್ದರು. ಟ್ಯಾಂಕಿನ ಬುಡದಲ್ಲಿ ಪಂಪಿನ ಕೋಣೆ, ಅದಕ್ಕೆ ಅಂಟಿಕೊಂಡಂತೆ ಸಂಸಾರಕ್ಕೆಂದು ಎರಡು ಕೋಣೆ. ಗೋಡೆಗೆ ಕಿವಿಯಿಟ್ಟರೆ ಮೋಟಾರಿನ ನಡುಕ ಹಲ್ಲಿಗೆ ತಾಗುತ್ತಿತ್ತು. ಟ್ಯಾಂಕಿನೊಳಗೆ ಒಂದು ಟೊಳ್ಳು ತಗಡಿನ ಬುರುಡೆ ತೇಲುತ್ತಿತ್ತು. ಅದಕ್ಕೆ ಕಟ್ಟಿದ ತಂತಿ ಮೇಲಿನ ರಾಟೆಯನ್ನು ಹಾದು ಹೊರಗಿಳಿದು, ತುದಿಯಲ್ಲೊಂದು ಕಬ್ಬಿಣದ ಮುಳ್ಳನ್ನು ಹೊತ್ತಿರುತ್ತಿತ್ತು. ನೀರು ಏರಿದಂತೆ ಮುಳ್ಳು ಇಳಿಯುತ್ತಿತ್ತು. ಹೀಗಾಗಿ ಹಲಗೆಯ ನೆತ್ತಿಯಲ್ಲಿ ಒಂದು, ಪಾದದಲ್ಲಿ ಹನ್ನೆರಡು. ಊರಿಗೆ ಹೊಸಬರಾದವರು ಮುಳ್ಳು ಕೆಳಗಿರುವುದನ್ನು ಕಂಡು ನೀರೇ ಇಲ್ಲವೆಂದು ಗಾಬರಿಯಾಗಿ ಕೊಡ ಎತ್ತಿಕೊಂಡು ಬರುವುದಿತ್ತು. ‘ಅದು ಕೆಳಗಿಳಿದಷ್ಟೂ ಮೇಲೆ ತುಂಬಿದೆ ಅಂತ ಕಣಮ್ಮ’ ಎಂದು ಅಮ್ಮ ಅವರನ್ನು ನಗುತ್ತ ವಾಪಸು ಕಳಿಸುತ್ತಿದ್ದಳು.

ಮೊದಲು ಹಲಗೆಯೇ ಇರಲಿಲ್ಲ. ಒಂದು ರಜೆಯಲ್ಲಿ ಅಪ್ಪ ತಾನೇ ಎಲ್ಲಿಂದಲೋ ಮರ ತಂದು, ಜೋಡಿಸಿ, ಬಿಳಿ ಬಳಿದರು. ಅಂಕಿ ಬರೆಯಲು ಅವರ ಕೈ ನಡುಗುತ್ತಿತ್ತು, ಮೋಟಾರಿನ ಜೊತೆ ಬಾಳಿದ ಕೈ. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿಗಳನ್ನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ಕಲಿತು, ಹಲಗೆಯನ್ನು ನೆಲಕ್ಕೆ ಮಲಗಿಸಿಕೊಂಡು ಎರಡು ದಿನ ಬರೆದಳು. ಆಮೇಲೆ ಅವಳು ಏನನ್ನೂ ಬರೆಯಲಿಲ್ಲ. ಪಿಂಚಣಿಯ ಕಾಗದಕ್ಕೂ ಹೆಬ್ಬೆಟ್ಟನ್ನೇ ಒತ್ತಿದಳು. ಅವಳು ಹೋಗಿ ಹನ್ನೆರಡು ವರ್ಷವಾಗಿತ್ತು. ಭೂಮಿಯ ಮೇಲೆ ಅವಳ ಕೈಬರಹವೆಂಬುದು ಇದ್ದರೆ ಅದು ಆ ಹಲಗೆಯ ಮೇಲಿತ್ತು.

ಪಂಪಿನ ಕೋಣೆಯಿಂದ ಹಲಗೆ ಕಾಣುತ್ತಿರಲಿಲ್ಲ. ಸಂಜೆ ಮೋಟಾರು ಹಾಕಿದ ಮೇಲೆ ಅಮ್ಮ ಅಂಗಳದಲ್ಲಿ ನಿಂತು, ಕಣ್ಣಿನ ಮೇಲೆ ಕೈಯಿಟ್ಟು, ಮುಳ್ಳು ಯಾವ ಅಂಕಿಗೆ ಬಂತೆಂದು ಕೂಗಿ ಹೇಳುವುದು ಅವರ ಪದ್ಧತಿ. ‘ಹನ್ನೊಂದು ಆಯ್ತೂ...’ ಎಂದು ಎಳೆದು ಕೂಗಿದೊಡನೆ ಮೋಟಾರು ನಿಲ್ಲುತ್ತಿತ್ತು. ನಿಂತ ಸದ್ದಿನ ನಂತರದ ಆ ನಿಶ್ಶಬ್ದದಲ್ಲಿ ಅಪ್ಪ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಒಮ್ಮೆ ಮೇಲಧಿಕಾರಿಯೊಬ್ಬರು ದಾಖಲೆ ಪುಸ್ತಕ ತಿರುವಿ, ದಿನಾ ಹನ್ನೊಂದೇ ಯಾಕೆ, ಒಂದಡಿ ಎಲ್ಲಿ ಹೋಗುತ್ತಿದೆ ಎಂದು ಕೇಳಿದರಂತೆ.

‘ಹನ್ನೆರಡಕ್ಕೆ ಕಾದ್ರೆ ಇವರ ಊಟ ಆರಿ ಹೋಗುತ್ತೆ ಸಾಹೇಬ್ರೆ’ ಎಂದಳಂತೆ ಅಮ್ಮ.

ಅಪ್ಪ ಆಮೇಲೆ ಗೊಣಗಿದರು: ‘ಹನ್ನೊಂದಕ್ಕೇ ನಿಲ್ಸೋಣ, ಆದ್ರೆ ಹನ್ನೆರಡು ಅಂತ ಕೂಗಬಾರದಾ? ಹಾಗೇ ಬರ್ಕೊಳ್ತಿದ್ದೆ. ಯಾರು ನೋಡ್ತಾರೆ?’

‘ಹನ್ನೊಂದಿದ್ರೆ ಹನ್ನೊಂದೇ. ನನ್ನ ಬಾಯಲ್ಲಿ ಅದು ಬರಲ್ಲಪ್ಪ.’

ಅಪ್ಪ ನಿವೃತ್ತರಾದ ಮೇಲೆ ಹೊಸ ಟ್ಯಾಂಕು ಬಂತು. ಹಳೆಯದರ ನೀರು ಬಸಿದು, ಕೋಣೆಗಳಿಗೆ ಬೀಗ ಬಿತ್ತು. ಬರಿದಾದ ಟ್ಯಾಂಕಿನ ಮುಳ್ಳು ನೆತ್ತಿಗೆ ಹೋಗಿ ಅಲ್ಲೇ ತುಕ್ಕು ಹಿಡಿದು ನಿಂತಿತು.

ಅದನ್ನು ಕೆಡವುವ ವಿಷಯ ಸಭೆಗೆ ಬಂದದ್ದು ಒಂಬತ್ತನೆಯದಾಗಿ. ಎಂಟನೆಯದಾದ ಬೀದಿನಾಯಿಗಳು ಐವತ್ತು ನಿಮಿಷ ತೆಗೆದುಕೊಂಡಿದ್ದವು; ಟ್ಯಾಂಕಿಗೆ ನಾಲ್ಕು ನಿಮಿಷ ಸಾಕಾಯಿತು. ಕೆಡವುವುದು, ಕಳಚಿದ ಸಾಮಗ್ರಿಯನ್ನು ಹರಾಜು ಹಾಕುವುದು. ನಗರಸಭೆಯ ಹರಾಜಿನಲ್ಲಿ ನೌಕರರು ಕೂಗುವಂತಿಲ್ಲ; ಆ ನಿಯಮವನ್ನೂ ಎಂದೋ ನಡವಳಿಯಲ್ಲಿ ಅಕ್ಕನೇ ಬರೆದಿದ್ದರು. ಮರುದಿನ ನಡವಳಿಯನ್ನು ಶುದ್ಧಪ್ರತಿ ಮಾಡುವಾಗ ‘ಕಳಚಿದ ಸಾಮಗ್ರಿಯನ್ನು’ ಎಂಬುದರ ಮುಂದೆ ಅವರ ಲೇಖನಿ ನಿಲ್ಲಲಿಲ್ಲ. ‘ಮಟ್ಟದ ಹಲಗೆಯೊಂದನ್ನು ಹೊರತುಪಡಿಸಿ’ ಎಂದು ಬರೆಯಿತು. ಅದೇ ಶಾಯಿ, ಅದೇ ಓರೆ, ಅದೇ ಸಮಾಧಾನ. ಹರಾಜಿಗೆ ಸೇರದ ವಸ್ತುವನ್ನು ಆಮೇಲೆ ಯಾರನ್ನಾದರೂ ಕೇಳಿ ಪಡೆಯಬಹುದೆಂದು ಅಂದುಕೊಂಡರು. ಮೂರೇ ಪದ. ಆ ತಿಂಗಳೆಲ್ಲ ಅವು ಅವರ ಜೊತೆ ಬಸ್ಸಿನಲ್ಲಿ ಕೂತವು, ಊಟಕ್ಕೆ ಕೂತವು.

ಹಿಂದಿನ ಸಭೆಯ ನಡವಳಿಯನ್ನು ಓದಿ ಸ್ಥಿರೀಕರಿಸುವುದರಿಂದ ಪ್ರತಿ ಸಭೆ ಶುರುವಾಗುತ್ತದೆ. ಆಗ ಯಾರೂ ಕೇಳುವುದಿಲ್ಲ. ಕೇಳುವವರು ಒಬ್ಬರೇ: ನಿವೃತ್ತ ಗಣಿತದ ಮೇಷ್ಟ್ರು, ಎಲ್ಲದಕ್ಕೂ ತಕರಾರು ತೆಗೆಯುವುದರಿಂದ ‘ಆಕ್ಷೇಪಣೆ ಮೇಷ್ಟ್ರು’ ಎಂದೇ ಹೆಸರಾದ ಸದಸ್ಯರು. ಕಳೆದ ಸಭೆಗೆ ಅವರು ಬಂದಿರಲಿಲ್ಲ, ಕಣ್ಣಿನ ಆಪರೇಷನ್ ಆಗಿತ್ತು. ಏನು ತೀರ್ಮಾನವಾಯಿತೆಂದು ಅವರಿಗೂ ತಿಳಿಯುವಂತಿರಲಿಲ್ಲ. ಸಿಕ್ಕಿಬೀಳಿಸುವವರು ಯಾರೂ ಇಲ್ಲ.

ಅಕ್ಕ ಓದುತ್ತ ಬಂದರು. ನಾಯಿಗಳು ಮುಗಿದವು. ‘ಹಳೆಯ ಟ್ಯಾಂಕನ್ನು ಕೆಡವಲು ಹಾಗೂ ಕಳಚಿದ ಸಾಮಗ್ರಿಯನ್ನು...’ ಎಂಬಲ್ಲಿಗೆ ಬಾಯಿ ನಿಂತಿತು. ಬರೆಯುವಾಗ ಕೈ ಸುಳ್ಳು ಹೇಳಿತ್ತು. ಈಗ ಗಂಟಲು ಒಲ್ಲೆನೆಂದಿತು.

‘ಅಧ್ಯಕ್ಷರೇ, ಮುಂದಿನ ಮೂರು ಪದ ಸಭೆಯದ್ದಲ್ಲ. ನಾನೇ ಸೇರಿಸಿದ್ದು.’

‘ಅಯ್ಯೋ, ಅಕ್ಕ ಮಾತಾಡಿದ್ರು ಕಣ್ರೋ!’ ಎಂದರು ಹಿಂದಿನ ಸಾಲಿನಲ್ಲಿ ಯಾರೋ, ಗೋಡೆ ಮಾತಾಡಿದಂತೆ. ತಮ್ಮ ದರ್ಜಿ ಅಂಗಡಿಯಿಂದ ನೇರ ಬಂದಿದ್ದ ಅಧ್ಯಕ್ಷೆ ಕೊರಳಲ್ಲಿದ್ದ ಅಳತೆ ಟೇಪನ್ನು ಆಗಷ್ಟೇ ಗಮನಿಸಿ ತೆಗೆದಿಟ್ಟರು.

‘ಆಕ್ಷೇಪಣೆ!’ ಕಪ್ಪು ಕನ್ನಡಕದ ಮೇಷ್ಟ್ರು ಎದ್ದು ನಿಂತರು. ‘ಸಿಬ್ಬಂದಿಗೆ ಸಭೆಯಲ್ಲಿ ಮಾತಾಡೋ ಅಧಿಕಾರ ಇಲ್ಲ.’

‘ತಪ್ಪು ಒಪ್ಕೊಳ್ಳೋಕೂ ಅಧಿಕಾರ ಬೇಕಾ ಮೇಷ್ಟ್ರೇ?’ ಎಂದರು ಅಧ್ಯಕ್ಷೆ.

‘ಬೇಕು. ಒಬ್ಬ ಸದಸ್ಯ ಸೂಚಿಸ್ಬೇಕು, ಇನ್ನೊಬ್ರು ಅನುಮೋದಿಸ್ಬೇಕು. ನಾನು ಸೂಚಿಸ್ತೀನಿ. ಯಾರಪ್ಪಾ ಅನುಮೋದನೆ?’

ನಾಲ್ಕು ಕೈ ಎದ್ದವು. ಅಕ್ಕ ನಿಂತುಕೊಂಡೇ ಹೇಳಿದರು; ಅಪ್ಪನ ಹಲಗೆ, ಅಮ್ಮನ ಅಂಕಿ, ಇಷ್ಟೇ. ಅಭ್ಯಾಸಬಲದಿಂದ ಅದೂ ಒಂದೂವರೆ ಸಾಲಾಯಿತು. ಕೊಟ್ಟುಬಿಡೋಣ ಎಂದರು ಕೆಲವರು. ನಗರಸಭೆಯ ಸ್ವತ್ತನ್ನು ಹಾಗೆ ಕೊಡಲು ಬರುವುದಿಲ್ಲ ಎಂದರು ಆಯುಕ್ತರು. ಮೇಷ್ಟ್ರು ಸ್ವತ್ತಿನ ಪಟ್ಟಿ ತರಿಸಿದರು. ನಗರಸಭೆಯ ಕಿರಿಯ ಎಂಜಿನಿಯರ್ ಎದ್ದು ಓದಿದಳು: ಮೋಟಾರು ಎರಡು, ವಾಲ್ವು ಆರು, ಕಬ್ಬಿಣದ ಏಣಿ ಒಂದು, ಬಲ್ಬಿನ ಹೋಲ್ಡರು ನಾಲ್ಕು.

‘ಹಲಗೆ?’

‘ಇಲ್ಲ ಸರ್.’

‘ಪಟ್ಟಿಯಲ್ಲಿ ಇಲ್ಲ ಅಂದ್ಮೇಲೆ ಅದು ನಮ್ಮದಲ್ಲ. ನಮ್ಮದಲ್ಲದ್ದನ್ನ ಹರಾಜು ಹಾಕೋಕೂ ಆಗಲ್ಲ, ದಾನ ಮಾಡೋಕೂ ಆಗಲ್ಲ. ಬರ್ಕೋಮ್ಮ.’

ಅಕ್ಕ ಮೂರು ಪದಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ಬರೆದುಕೊಂಡರು: ‘ಮಟ್ಟದ ಹಲಗೆಯ ಬಗ್ಗೆ ಸಭೆಗೆ ಹೇಳಲು ಏನೂ ಇರುವುದಿಲ್ಲ.’ ಸಂಜೆ ಆಯುಕ್ತರಿಂದ ಒಂದು ಮೆಮೊ ಬಂತು, ಸೇವಾವಧಿಯಲ್ಲಿ ಮೊದಲನೆಯದು. ಅದನ್ನೂ ಅವರೇ ಫೈಲಿಗೆ ಸೇರಿಸಿದರು.

ಮನೆಯಲ್ಲಿ ಗಂಡ ಟೇಪು ಹಿಡಿದು ಗೋಡೆ ಅಳೆದರು. ಮೂರನೆಯ ಮಹಡಿಯ ಬಾಡಿಗೆ ಮನೆ, ಗುಬ್ಬಚ್ಚಿ ಗೂಡು.

‘ಎತ್ತರ ಒಂಬತ್ತಡಿ. ಹಲಗೆ?’

‘ಹನ್ನೆರಡಡಿಗಿಂತ ಹೆಚ್ಚೇ.’

‘ಮೆಟ್ಟಿಲು ಬೇರೆ ಎರಡು ಕಡೆ ತಿರುಗುತ್ತೆ. ಅದು ಒಳಗೆ ಬಂದ್ರೆ ನಾನು ಹೊರಗೆ ಮಲಗ್ಬೇಕು ಕಣೇ.’ ಟೇಪು ಸುತ್ತುತ್ತ ಮೆಲ್ಲಗೆ ಅಂದರು: ‘ಒಂದಡಿ ತುಂಡು ಆದ್ರೆ ಎಲ್ಲಾದ್ರೂ ಹಿಡಿಯುತ್ತೆ.’

ಗುರುವಾರ ಬೆಳಿಗ್ಗೆ ಎಂಜಿನಿಯರ್ ಫೋನು ಮಾಡಿದಳು: ‘ಅಕ್ಕ, ಹಲಗೆ ಇಳಿಸಿದಾರೆ. ನೀವು ಕೇಳಿದ ಒಂದಡಿ ಕೊಯ್ದುಕೊಡೋಕೆ ಹೇಳಿದೀನಿ. ಬೇಗ ಬನ್ನಿ.’

ಅಂಗಳವಿದ್ದ ಜಾಗದಲ್ಲಿ ಅದನ್ನು ಮಲಗಿಸಿದ್ದರು, ಅಮ್ಮ ಬರೆದಾಗ ಮಲಗಿದ್ದಂತೆಯೇ. ಕೆಳಗಿನಿಂದ ಕಂಡ ಅಂಗೈಯಗಲದ ಅಂಕಿಗಳು ಹತ್ತಿರದಲ್ಲಿ ಗೇಣುದ್ದವಿದ್ದವು. ಎಂಟರ ಮೇಲಿನ ಸುತ್ತು ಕೆಳಗಿನದಕ್ಕಿಂತ ದೊಡ್ಡದು. ಐದರ ಬೆನ್ನು ಗೂನು. ಅಕ್ಕ ಕುಕ್ಕರಗಾಲಲ್ಲಿ ಕೂತು, ಒಂದೊಂದರ ಮೇಲೂ ಬೆರಳಾಡಿಸುತ್ತ, ಅಂಕಿ ಬರೆದ ದಿಕ್ಕಿನಲ್ಲೇ ಸರಿದರು.

ಪಂಪಿನ ಕೋಣೆಯ ಹತ್ತಿರ ಕೆಲಸಗಾರನೊಬ್ಬ ಮೋಟಾರಿನ ಗರಗಸದಿಂದ ಬಾಗಿಲ ಚೌಕಟ್ಟು ಕೊಯ್ಯುತ್ತಿದ್ದ. ಸದ್ದಿನ ಮೇಲಿಂದಲೇ ಕೂಗಿದ: ‘ಯಾವ ನಂಬರ್ ಕೊಯ್ಕೊಡ್ಲಿ ಅಕ್ಕಾ? ಹನ್ನೆರಡು ತಗೊಳ್ಳಿ! ಬಣ್ಣ ಹೊಸದರ ಹಾಗಿದೆ!’

ನಿಜ, ಹನ್ನೆರಡು ಮಾಸಿರಲಿಲ್ಲ. ಮುಳ್ಳು ಅಲ್ಲಿಯವರೆಗೆ ಇಳಿದದ್ದೇ ಇಲ್ಲ. ಅದರ ಮೇಲಿನದು ಮಾತ್ರ ಸವೆದಿತ್ತು. ಸಂಜೆಯಿಂದ ಸಂಜೆಗೆ ಕಬ್ಬಿಣ ಬಂದು ಕೂತು, ಗಾಳಿಗೆ ಅಲ್ಲಾಡಿ ಉಜ್ಜಿದ ಕಡೆ ಬಣ್ಣ ಹೋಗಿ ಮರವೇ ಕಾಣುತ್ತಿತ್ತು. ಒಂದಕ್ಕೊಂದು ಒರಗಿದ ಎರಡು ಗೀಟುಗಳ ಕೆಳಗಿನ ಅರ್ಧ ಮಾತ್ರ ಉಳಿದಿತ್ತು.

‘ಹನ್ನೊಂದು’ ಎಂದರು ಅಕ್ಕ.

ಅವನಿಗೆ ಕೇಳಿಸಲಿಲ್ಲ. ಕೊಯ್ಯುತ್ತಲೇ ಕಿವಿಯನ್ನು ಇತ್ತ ವಾಲಿಸಿ ಹುಬ್ಬೇರಿಸಿದ.

ಅಕ್ಕ ಎದ್ದು ನಿಂತರು. ಬಿಸಿಲಿಗೆ ಕಣ್ಣಿನ ಮೇಲೆ ಕೈ ಅಡ್ಡವಿಟ್ಟು, ಬಾಯಿ ತುಂಬ ಎಳೆದು ಕೂಗಿದರು:

‘ಹನ್ನೊಂದೂ...’

ಮೋಟಾರು ನಿಂತಿತು. ಅಕ್ಕ ಕೈ ಇಳಿಸದೆ, ಬಾಗಿಲಿದ್ದ ಜಾಗವನ್ನೇ ನೋಡುತ್ತ ನಿಂತರು.